ಎಲೆಯಲ್ಲಿ ಚುಕ್ಕಿ, ಗೊನೆಯಲ್ಲಿ ಕೊರತೆ

ಪುತ್ತೂರಿನಿಂದ ಸುಳ್ಯದ ಕಡೆಗೆ, ಇಲ್ಲವೇ ಕಡಬದ ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಕಾಣುವುದು ಮುಖ್ಯವಾಗಿ ಎರಡೇ: ಗುಡ್ಡ ಮತ್ತು ತೋಟ. ತೋಟವೆಂದರೆ ಇಲ್ಲಿ ಅಡಿಕೆ ತೋಟ. ಬೇರೆ ವಿಶೇಷಣ ಬೇಕಾಗಿಲ್ಲ. ದೂರದಿಂದ ನೋಡುವವರಿಗೆ ಅದು ಎತ್ತರದ ಕಂಬಗಳ ಮೇಲೆ ಬಿಡಿಸಿಟ್ಟ ಹಸಿರು ಕೊಡೆಗಳ ಸಾಲು. ಆದರೆ ಕಳೆದ ಕೆಲವು ವರ್ಷಗಳಿಂದ ಘಟ್ಟದ ಬುಡದ ಹಲವು ತೋಟಗಳಲ್ಲಿ ಈ ಕೊಡೆಗಳು ಬೆಂಕಿಯ ಝಳ ತಾಗಿದಂತೆ ಕಂದು ಬಣ್ಣಕ್ಕೆ ತಿರುಗಿ ಜೋಲು ಬಿದ್ದಿವೆ. ಬೆಂಕಿ ಬಿದ್ದದ್ದಲ್ಲ, ನೀರಿನ ಕೊರತೆಯೂ ಅಲ್ಲ. ಇದು ಎಲೆಚುಕ್ಕಿ ರೋಗ.

ಈ ರೋಗ ಇಲ್ಲಿಗೆ ಹೊಸತೇನಲ್ಲ. ಹಿಂದೆಯೂ ಸೋಗೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ ಕಾಣಿಸುತ್ತಿತ್ತು, ಬೇಸಿಗೆ ಬಂದಾಗ ಹೋಗುತ್ತಿತ್ತು. ಕೃಷಿಕರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ವಿಜ್ಞಾನಿಗಳ ಪಟ್ಟಿಯಲ್ಲೂ ಅದು ಸಣ್ಣ ರೋಗಗಳ ಸಾಲಿನಲ್ಲಿತ್ತು. ಆದರೆ 2022ರ ಹೊತ್ತಿಗೆ ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ತೋಟಗಳಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಸುಳ್ಯ ತಾಲೂಕಿನ ಕೊಲ್ಲಮೊಗ್ರು, ಕಲ್ಮಕಾರು, ಸಂಪಾಜೆಯಂಥ ಹೆಚ್ಚು ಮಳೆ ಬೀಳುವ ಊರುಗಳಿಂದ ದೂರುಗಳು ಬಂದವು. ಅದೇ ವರ್ಷ ಕೇಂದ್ರ ಸರ್ಕಾರ ಈ ರೋಗದ ಅಧ್ಯಯನಕ್ಕಾಗಿ ವಿಜ್ಞಾನಿಗಳ ಸಮಿತಿಯನ್ನು ರಚಿಸಬೇಕಾಯಿತು.

ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಮಾರುವುದು ಅಡಿಕೆಯನ್ನು, ಎಲೆಯನ್ನಲ್ಲ. ಎಲೆಯ ಮೇಲೆ ನಾಲ್ಕು ಚುಕ್ಕಿ ಬಿದ್ದರೆ ಫಸಲು ಏಕೆ ಕಡಿಮೆಯಾಗಬೇಕು? ಇದಕ್ಕೆ ಉತ್ತರ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಚುಕ್ಕಿಯೊಳಗಿನ ಜೀವಿ

ಎಲೆಚುಕ್ಕಿ ರೋಗಕ್ಕೆ ಕಾರಣ ಶಿಲೀಂಧ್ರ. ಮಳೆಗಾಲದಲ್ಲಿ ಚಪ್ಪಲಿಯ ಮೇಲೆ, ಹಳೆಯ ರೊಟ್ಟಿಯ ಮೇಲೆ ಬರುವ ಬೂಷ್ಟಿನ ದೂರದ ಸಂಬಂಧಿ. ಅಡಿಕೆಯ ಎಲೆಚುಕ್ಕಿಯಲ್ಲಿ ಒಂದಕ್ಕಿಂತ ಹೆಚ್ಚು ಶಿಲೀಂಧ್ರಗಳು ಸಿಗುತ್ತವೆಯಾದರೂ ಮುಖ್ಯ ಆರೋಪಿ ಕೊಲೆಟೋಟ್ರೈಕಮ್ ಎಂಬ ಕುಲಕ್ಕೆ ಸೇರಿದ್ದು. ಮಾವಿನ ಹಣ್ಣಿನ ಮೇಲೆ ಕಪ್ಪು ಕಲೆ ಮೂಡಿಸುವುದು, ಮೆಣಸಿನ ಕಾಯಿಯನ್ನು ಕೊಳೆಸುವುದು, ಬೇಸಿಗೆಯಲ್ಲಿ ಅಡಿಕೆಯ ಹಿಂಗಾರ ಒಣಗುವಂತೆ ಮಾಡುವುದು ಇವೆಲ್ಲ ಇದೇ ಕುಲದವುಗಳ ಕೆಲಸ.

ಈ ಶಿಲೀಂಧ್ರದ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅಂಟಿನಂಥ ಪದಾರ್ಥದಲ್ಲಿ ಅವು ಒಟ್ಟಾಗಿ ಕುಳಿತಿರುತ್ತವೆ. ಒಣ ಹವೆಯಲ್ಲಿ ಅವು ಅಲ್ಲಿಂದ ಕದಲುವುದು ಕಡಿಮೆ. ಮಳೆಯ ಹನಿ ಬಿದ್ದಾಗ ಅಂಟು ಕರಗುತ್ತದೆ, ಹನಿ ಸಿಡಿದಾಗ ಅದರೊಡನೆ ಬೀಜಾಣುಗಳೂ ಸಿಡಿಯುತ್ತವೆ, ಗಾಳಿ ಜೋರಾಗಿದ್ದರೆ ಪಕ್ಕದ ಮರ, ಪಕ್ಕದ ತೋಟ ಸೇರುತ್ತವೆ. ಎಲೆಯ ಮೇಲೆ ಕುಳಿತ ಬೀಜಾಣು ತೇವ ಸಿಕ್ಕಿದರೆ ಮೊಳೆಯುತ್ತದೆ. ಮೊಳಕೆಯ ತುದಿ ಎಲೆಗೆ ಭದ್ರವಾಗಿ ಅಂಟಿಕೊಂಡು, ಒತ್ತಡದಿಂದ ಎಲೆಯ ಹೊರಪೊರೆಯನ್ನು ಚುಚ್ಚಿ ಒಳಗೆ ನುಗ್ಗುತ್ತದೆ.

ಮೊದಲು ಕಾಣುವುದು ಕಂದು ಅಥವಾ ಕಪ್ಪು ಬಣ್ಣದ ಸಣ್ಣ ಚುಕ್ಕಿ, ಅದರ ಸುತ್ತ ಹಳದಿ ಉಂಗುರ. ಸಾಮಾನ್ಯವಾಗಿ ಕೆಳಗಿನ ಸೋಗೆಗಳಲ್ಲಿ ಆರಂಭ. ಚುಕ್ಕಿಗಳು ಹಿಗ್ಗಿ ಒಂದಕ್ಕೊಂದು ಸೇರಿದಾಗ ಎಲೆಯ ಆ ಭಾಗ ಪೂರ್ತಿ ಒಣಗುತ್ತದೆ. ರೋಗ ವಿಪರೀತವಾದರೆ ಸೋಗೆ ಜೋತುಬೀಳುತ್ತದೆ. ಹಾಳೆಯ ಮೇಲೆ, ಕಾಯಿಯ ಮೇಲೆ ಕೂಡ ಕಲೆಗಳು ಬರುತ್ತವೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಸುರಿಯುವ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ತೋಟ ಮಾಡುವ ಈ ನಾಡಿನಲ್ಲಿ ಶಿಲೀಂಧ್ರಕ್ಕೆ ಬೇಕಾದ ತೇವಕ್ಕೆ ಬರವಿಲ್ಲ. ಬಿಸಿಲು ತಡವಾಗಿ ಬಂದು ಬೇಗ ಹೋಗುವ ತೋಟದಲ್ಲಿ ಎಲೆ ಒಣಗುವುದೇ ಮಧ್ಯಾಹ್ನಕ್ಕೆ. ಮಳೆ ಬಿಡದೆ ಎಳೆದುಕೊಂಡು ಹೋದ ವರ್ಷವಂತೂ ಶಿಲೀಂಧ್ರಕ್ಕೆ ಸುಗ್ಗಿ.

ಅಡುಗೆಮನೆಗೆ ಬಿದ್ದ ಏಟು

ಎಲೆಯನ್ನು ಸಸ್ಯದ ಅಡುಗೆಮನೆ ಎನ್ನುತ್ತಾರೆ. ಬೇರು ತಂದ ನೀರು, ಗಾಳಿಯ ಇಂಗಾಲದ ಡೈ ಆಕ್ಸೈಡ್, ಸೂರ್ಯನ ಬೆಳಕು ಈ ಮೂರರಿಂದ ಹರಿತ್ತು ಸಕ್ಕರೆಯನ್ನು ತಯಾರಿಸುವುದು ಇಲ್ಲೇ. ಚುಕ್ಕಿ ಬಿದ್ದ ಜಾಗದಲ್ಲಿ ಹರಿತ್ತು ಸತ್ತಿರುತ್ತದೆ. ಅಷ್ಟು ಒಲೆ ಆರಿದಂತೆ.

ಮಾವಿಗೋ ಹಲಸಿಗೋ ಸಾವಿರಾರು ಎಲೆಗಳಿರುತ್ತವೆ. ನೂರು ಹೋದರೂ ನಡೆಯುತ್ತದೆ. ಅಡಿಕೆಯ ಸಂಸಾರ ಹಾಗಲ್ಲ. ಬೆಳೆದ ಮರದ ತಲೆಯಲ್ಲಿ ಬಿಡಿಸಿಕೊಂಡಿರುವ ಸೋಗೆಗಳು 7ರಿಂದ 12 ಮಾತ್ರ. ವರ್ಷಕ್ಕೆ ಹೊಸದಾಗಿ ಬರುವುದು ಸುಮಾರು ಆರು. ನಾಲ್ಕು ಸೋಗೆ ಒಣಗಿತೆಂದರೆ ಮರದ ಅಡುಗೆಮನೆಯ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧ ಭಾಗವೇ ಮುಚ್ಚಿತೆಂದು ಅರ್ಥ.

ಇನ್ನೊಂದು ಸೂಕ್ಷ್ಮವೂ ಇದೆ. ಅಡಿಕೆಯಲ್ಲಿ ಒಂದು ಸೋಗೆಯ ಕಂಕುಳಲ್ಲಿ ಒಂದೇ ಹಿಂಗಾರ. ಹಾಳೆ ಕಳಚಿ ಬಿದ್ದಾಗ ಅದರ ಹಿಂದೆ ಅಡಗಿದ್ದ ಹಿಂಗಾರ ಹೊರಗೆ ಬರುತ್ತದೆ. ಹಾಳೆ ಬೀಳುವುದಕ್ಕೆ ಬಹಳ ಮೊದಲೇ ಅದು ಒಳಗೆ ಬೆಳೆಯುತ್ತಿರುತ್ತದೆ. ಹಿಂಗಾರ ಅರಳಿ ಅಡಿಕೆ ಹಣ್ಣಾಗಲು ಮತ್ತೆ ಎಂಟು-ಹತ್ತು ತಿಂಗಳು ಬೇಕು. ಆದ್ದರಿಂದ ಈ ಮಳೆಗಾಲದಲ್ಲಿ ಸೋಗೆ ಒಣಗಿದರೆ ಏಟು ಎರಡು ಕಡೆ ಬೀಳುತ್ತದೆ. ಮರದಲ್ಲಿರುವ ಗೊನೆಗೆ ಆಹಾರ ಸಾಲದೆ ನಳ್ಳಿ ಉದುರುತ್ತದೆ, ಉಳಿದ ಕಾಯಿ ಸಣ್ಣದಾಗುತ್ತದೆ. ಮುಂದಿನ ವರ್ಷಕ್ಕೆಂದು ಒಳಗೆ ಬೆಳೆಯುತ್ತಿರುವ ಹಿಂಗಾರವೂ ಬಡವಾಗುತ್ತದೆ. ರೋಗ ಕಂಡ ವರ್ಷಕ್ಕಿಂತ ಮರುವರ್ಷ ಫಸಲು ಇನ್ನೂ ಕಡಿಮೆ ಎಂದು ಕೃಷಿಕರು ಹೇಳುವುದರಲ್ಲಿ ಅರ್ಥವಿದೆ.

ಒಂದು ಲೆಕ್ಕ ಮಾಡಿ ನೋಡಬಹುದು. ಮರದಿಂದ ಮರಕ್ಕೆ 2.7 ಮೀಟರ್ ಅಂತರವಿಟ್ಟರೆ ಒಂದು ಹೆಕ್ಟೇರಿನಲ್ಲಿ ಸುಮಾರು 1370 ಮರಗಳು, ಅಂದರೆ ಎಕರೆಗೆ ಸುಮಾರು 550. ಲೆಕ್ಕದ ಅನುಕೂಲಕ್ಕಾಗಿ ಒಂದು ಮರದಲ್ಲಿ 4 ಗೊನೆ, ಗೊನೆಗೆ 100 ಅಡಿಕೆ ಎಂದಿಟ್ಟುಕೊಂಡರೆ ಮರಕ್ಕೆ 400. ರೋಗದಿಂದ ಗೊನೆ ನಾಲ್ಕರಿಂದ ಮೂರಕ್ಕೆ ಇಳಿಯಿತು, ಗೊನೆಯಲ್ಲಿ ಉಳಿದ ಕಾಯಿ 80 ಎಂದಾದರೆ ಸಿಗುವುದು 240. ಗೊನೆಯ ಲೆಕ್ಕದಲ್ಲಿ ಕಾಲು ಭಾಗ, ಕಾಯಿಯ ಲೆಕ್ಕದಲ್ಲಿ ಐದನೇ ಒಂದು ಭಾಗ ಮಾತ್ರ ಹೋದಂತೆ ಕಂಡರೂ ಎರಡೂ ಸೇರಿದಾಗ ನಷ್ಟ ಶೇಕಡಾ 40. ಎಕರೆಗೆ 88,000 ಅಡಿಕೆ! ಕಾಯಿಯ ತೂಕ ಕಡಿಮೆಯಾದದ್ದು ಈ ಲೆಕ್ಕಕ್ಕೆ ಸೇರಿಲ್ಲ.

ಮೆಕ್ಕೆಜೋಳ ಹೇಳುವ ಪಾಠ

ಎಲೆಗೆ ಬಂದ ರೋಗ ಫಸಲನ್ನು ತಿನ್ನುವುದು ಅಡಿಕೆಯಲ್ಲಿ ಮಾತ್ರವಲ್ಲ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ ಎಲೆ ಅಂಗಮಾರಿ ಎಂಬ ರೋಗ ಉಂಟು. ಅದೂ ಶಿಲೀಂಧ್ರದಿಂದಲೇ ಬರುವಂಥದ್ದು. ಎಲೆಯ ಮೇಲೆ ದೋಣಿಯಾಕಾರದ ಉದ್ದನೆಯ ಬೂದು-ಕಂದು ಕಲೆಗಳು ಮೂಡುತ್ತವೆ. ಅಲ್ಲಿಯೂ ಕೆಳಗಿನ ಎಲೆಯಿಂದ ಮೇಲಕ್ಕೆ ಪಯಣ. ತೆನೆಯ ಕಾಳಿಗೆ ಹೆಚ್ಚಿನ ಆಹಾರ ಒದಗಿಸುವುದು ತೆನೆಯ ಆಸುಪಾಸಿನ ಮತ್ತು ಅದರ ಮೇಲಿನ ಎಲೆಗಳು. ಹೂ ಬಿಡುವ ಹೊತ್ತಿಗೆ ರೋಗ ಆ ಎಲೆಗಳಿಗೆ ತಲುಪಿದರೆ ಕಾಳು ತುಂಬುವುದಿಲ್ಲ. ಕಾಳು ಗಟ್ಟಿಯಾದ ಮೇಲೆ ಬಂದರೆ ನಷ್ಟ ಅಲ್ಪ. ಎಷ್ಟು ರೋಗ ಎಂಬುದರಷ್ಟೇ ಯಾವಾಗ ಬಂತು ಎಂಬುದೂ ಮುಖ್ಯ.

1970ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಘಟನೆಯನ್ನು ಕೃಷಿ ವಿಜ್ಞಾನದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಮಿಶ್ರತಳಿ ಬೀಜ ಮಾಡಲು ಮೆಕ್ಕೆಜೋಳದ ಗಂಡು ಹೂವನ್ನು ಕೈಯಿಂದ ಕೀಳಬೇಕಿತ್ತು. ಈ ಕೂಲಿಯನ್ನು ಉಳಿಸಲು ಗಂಡು ಹೂವಿನಲ್ಲಿ ಪರಾಗವೇ ಆಗದ ಒಂದು ತಳಿಯನ್ನು ಬಳಸತೊಡಗಿದರು. ಕೆಲಸ ಸುಲಭವಾಯಿತು. ದೇಶದ ಹೆಚ್ಚಿನ ಹೊಲಗಳಲ್ಲಿ ಅದೇ ಗುಣದ ಜೋಳ ತುಂಬಿತು. ಆ ಗುಣದ ಜೊತೆಗೆ ಒಂದು ಎಲೆರೋಗಕ್ಕೆ ಸುಲಭವಾಗಿ ತುತ್ತಾಗುವ ದೌರ್ಬಲ್ಯವೂ ಅಂಟಿಕೊಂಡಿತ್ತು. ಬೆಚ್ಚಗಿನ, ತೇವದ ಹವೆ ಕೂಡಿ ಬಂದಾಗ ಒಂದೇ ಹಂಗಾಮಿನಲ್ಲಿ ಆ ದೇಶದ ಮೆಕ್ಕೆಜೋಳದ ಸುಮಾರು ಶೇಕಡಾ 15 ಭಾಗ ನಾಶವಾಯಿತು. ಎಲ್ಲೆಡೆ ಒಂದೇ ಬೆಳೆ, ಒಂದೇ ತಳಿ ಇದ್ದರೆ ಒಂದು ಕಡೆ ಗೆದ್ದ ರೋಗ ಎಲ್ಲ ಕಡೆಯೂ ಗೆಲ್ಲುತ್ತದೆ.

ಆದರೆ ಜೋಳದ ರೈತನಿಗೆ ಇರುವ ಒಂದು ಅನುಕೂಲ ಅಡಿಕೆ ಕೃಷಿಕನಿಗೆ ಇಲ್ಲ. ಜೋಳ ನಾಲ್ಕು ತಿಂಗಳ ಬೆಳೆ. ಮುಂದಿನ ವರ್ಷ ರೋಗ ತಾಳುವ ಬೇರೆ ಬೀಜ ಬಿತ್ತಬಹುದು. ಅಮೆರಿಕದವರು ಹಾಗೆಯೇ ಮಾಡಿ ಬೇಗ ಚೇತರಿಸಿಕೊಂಡರು. ಅಡಿಕೆ ಗಿಡ ನೆಟ್ಟು ಫಸಲು ನೋಡಲು ಐದಾರು ವರ್ಷ ಕಾಯಬೇಕು. ನಂತರ ಅದು ದಶಕಗಳ ಕಾಲ ನಿಲ್ಲುವ ಮರ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊಯ್ಯುವ ತೋಟದಲ್ಲಿ ಬೀಜ ಬದಲಿಸಿ ರೋಗದಿಂದ ಪಾರಾಗುವುದು ಅಷ್ಟು ಸುಲಭವಲ್ಲ.

ಮೂರು ರೋಗ, ಮೂರು ದಾರಿ

ಸುಳ್ಯ ಸೀಮೆಯಲ್ಲಿ ಈಗ ದೊಡ್ಡ ಗೊಂದಲವಿರುವುದು ರೋಗಗಳನ್ನು ಗುರುತಿಸುವುದರಲ್ಲಿ. ಅಡಿಕೆಗೆ ಇಲ್ಲಿ ಮೂರು ದೊಡ್ಡ ಕಾಟಗಳಿವೆ. ಮೂರೂ ಬೇರೆ ಬೇರೆ ಜೀವಿಗಳ ಕೆಲಸ.

ಮೊದಲನೆಯದು ಕೊಳೆರೋಗ, ಮಹಾಳಿ ಎಂದೂ ಕರೆಯುವುದುಂಟು. ಇದು ಮುಖ್ಯವಾಗಿ ಕಾಯಿಗೆ ಬರುತ್ತದೆ. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರುತ್ತದೆ. ಕಾರಣ ಫೈಟೋಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ. 1845ರಿಂದ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಭೀಕರ ಕ್ಷಾಮಕ್ಕೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜೀವಿ.

ಎರಡನೆಯದು ಹಳದಿ ಎಲೆ ರೋಗ. ಸಂಪಾಜೆ, ಅರಂತೋಡು ಭಾಗದ ಎಷ್ಟೋ ತೋಟಗಳನ್ನು ಬರಡು ಮಾಡಿದ್ದು ಇದು. ಸೋಗೆಯ ತುದಿಯಿಂದ ಹಳದಿ ಏರುತ್ತದೆ, ವರ್ಷದಿಂದ ವರ್ಷಕ್ಕೆ ಮರದ ತಲೆ ಸಣ್ಣದಾಗುತ್ತದೆ. ಇದಕ್ಕೆ ಶಿಲೀಂಧ್ರ ಕಾರಣವಲ್ಲ. ಮರದ ಆಹಾರ ನಾಳಗಳಲ್ಲೇ ವಾಸಿಸುವ ಫೈಟೋಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿಯಿಂದ ಬರುವ ಈ ರೋಗವನ್ನು ರಸ ಹೀರುವ ಒಂದು ಸಣ್ಣ ಜಿಗಿಹುಳು ಹರಡುತ್ತದೆ.

ಮೂರನೆಯದೇ ಎಲೆಚುಕ್ಕಿ. ಇದರಲ್ಲೂ ಎಲೆ ಹಳದಿಯಾಗುವುದುಂಟು. ಆದರೆ ಆ ಹಳದಿ ಚುಕ್ಕಿಯ ಸುತ್ತ ಉಂಗುರವಾಗಿ ಆರಂಭವಾಗುತ್ತದೆ. ಹಳದಿ ಎಲೆ ರೋಗದಲ್ಲಿ ಈ ಚುಕ್ಕಿಗಳಿರುವುದಿಲ್ಲ.

ಈ ವ್ಯತ್ಯಾಸ ತಿಳಿಯುವುದು ಪರೀಕ್ಷೆಯ ಅಂಕಕ್ಕಾಗಿ ಅಲ್ಲ, ಮನೆಯ ಹಣಕ್ಕಾಗಿ. ಹಳದಿ ಎಲೆ ರೋಗದ ಮರಕ್ಕೆ ಶಿಲೀಂಧ್ರನಾಶಕ ಹೊಡೆದರೆ ಮದ್ದಿನ ಹಣ, ಕೂಲಿಯ ಹಣ ಎರಡೂ ನೀರಿಗೆ. ಎಲೆಚುಕ್ಕಿಯನ್ನು ಹಳದಿ ರೋಗವೆಂದು ಭಾವಿಸಿ ಇನ್ನು ಗತಿಯಿಲ್ಲ ಎಂದು ಕೈಬಿಟ್ಟರೆ ಉಳಿಸಬಹುದಾಗಿದ್ದ ತೋಟ ಹೋಗುತ್ತದೆ. ಅನುಮಾನ ಬಂದಾಗ ಸೋಗೆಯ ತುಂಡನ್ನು ತೋಟಗಾರಿಕೆ ಇಲಾಖೆಗೋ ವಿಟ್ಲದ ಸಂಶೋಧನಾ ಕೇಂದ್ರಕ್ಕೋ ಒಯ್ದು ತೋರಿಸುವುದು ಅಗ್ಗದ ದಾರಿ. 1956ರಲ್ಲಿ ಅಡಿಕೆಗೆಂದೇ ವಿಟ್ಲದಲ್ಲಿ ಆರಂಭವಾದ ಈ ಕೇಂದ್ರ 1970ರಿಂದ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಗಿದೆ. ನೆಟ್ಟಣದ ಹತ್ತಿರ ಕಿದುವಿನಲ್ಲಿಯೂ ಅದೇ ಸಂಸ್ಥೆಯ ಕೇಂದ್ರವಿದೆ.

ಕಳ್ಳರನ್ನು ಓಡಿಸಿದ ಮದ್ದು

ಕೊಳೆರೋಗದ ವಿರುದ್ಧ ಈ ನಾಡು ಗೆದ್ದ ಕಥೆಯನ್ನು ನೆನೆದರೆ ಎಲೆಚುಕ್ಕಿಯ ಕಷ್ಟ ಎಲ್ಲಿದೆ ಎಂಬುದು ತಿಳಿಯುತ್ತದೆ. ಹಿಂದೆ ಮಳೆಗಾಲಕ್ಕೆ ಮೊದಲು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಗೊನೆಗೆ ಕೊಡೆ ಹಿಡಿದಂತೆ. ನೀರು ತಾಗದಿದ್ದರೆ ಕೊಳೆಯದು ಎಂಬುದು ಅನುಭವದ ಮಾತು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸಿದರೆ ರೋಗ ತಡೆಯಬಹುದೆಂದು ತೋರಿಸಿದರು.

ಈ ದ್ರಾವಣದ ಹುಟ್ಟೂ ಸ್ವಾರಸ್ಯಕರ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಹೋಕರು ಕದಿಯುತ್ತಿದ್ದರು. ಅವರನ್ನು ಹೆದರಿಸಲು ಬೆಳೆಗಾರರು ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿ ಬಳ್ಳಿಗೆ ಎರಚುತ್ತಿದ್ದರು. ನೀಲಿ ಬಣ್ಣ ಕಂಡ ಕಳ್ಳರು ದೂರ ಉಳಿದರು. ಹಾಗೆ ಎರಚಿದ ಬಳ್ಳಿಗಳಿಗೆ ರೋಗವೂ ಬಂದಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದರು. 1885ರಲ್ಲಿ ಅವರು ಅದನ್ನು ಮದ್ದೆಂದು ಜಗತ್ತಿಗೆ ತಿಳಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಶೇಕಡಾ ಒಂದರ ಈ ದ್ರಾವಣ ದಕ್ಷಿಣ ಕನ್ನಡದ ಪ್ರತಿ ಅಡಿಕೆ ಮನೆಗೂ ಪರಿಚಿತ.

ಇದೇ ಮದ್ದು ಎಲೆಚುಕ್ಕಿಗೂ ಸಾಕಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಮಳೆಗೆ ಮೊದಲೇ ಎಲೆಗೂ ಸಿಂಪಡಿಸಿದರೆ ತಡೆಯಾಗುತ್ತದೆ. ಆದರೆ ಬೋರ್ಡೋ ಕಾವಲುಗಾರನಂತೆ. ಬಾಗಿಲಲ್ಲಿ ನಿಂತು ತಡೆಯುತ್ತದೆ, ಮನೆಯೊಳಗೆ ಹೊಕ್ಕವನನ್ನು ಹಿಡಿಯಲಾರದು. ಎಲೆಯೊಳಗೆ ಸೇರಿದ ಶಿಲೀಂಧ್ರಕ್ಕೆ ಎಲೆಯೊಳಗೆ ಹೋಗುವ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ನಂಥ ಮದ್ದುಗಳೇ ಬೇಕು. ಇವುಗಳನ್ನು ವಿಜ್ಞಾನಿಗಳು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಮಾತ್ರ ಬಳಸಬೇಕು. ಒಂದೇ ಮದ್ದನ್ನು ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುವ ಅಪಾಯವಿದೆ.

ಇನ್ನೊಂದು ತೊಡಕು ಎತ್ತರದ್ದು. ಗೊನೆ ಒಂದೇ ಜಾಗದಲ್ಲಿರುತ್ತದೆ. ಮರ ಏರಿದವರು ಸುಲಭವಾಗಿ ನೆನೆಸಬಹುದು. ಸೋಗೆಗಳು ಹಾಗಲ್ಲ, ತಲೆಯ ಮೇಲೆ ಸುತ್ತಲೂ ಹರಡಿವೆ. ಅವುಗಳ ಎರಡೂ ಮೈ ನೆನೆಯಬೇಕು. ಮದ್ದು ಹೆಚ್ಚು ಬೇಕು, ಹೊತ್ತು ಹೆಚ್ಚು ಬೇಕು. ಮರ ಏರುವವರು ಸಿಗುವುದೇ ಅಪರೂಪವಾಗಿರುವ ಕಾಲದಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ನೆಲದಲ್ಲಿ ನಿಂತೇ ಸಿಂಪಡಿಸುವ ಫೈಬರ್ ದೋಟಿಗಳು ಬಂದದ್ದರಿಂದ ಎಷ್ಟೋ ಮನೆಗಳಿಗೆ ಅನುಕೂಲವಾಗಿದೆ. ಆದರೂ ಅರ್ಧ ಎಕರೆ, ಒಂದು ಎಕರೆ ತೋಟವಿರುವ ಕುಟುಂಬಕ್ಕೆ ಕೊಳೆರೋಗದ ಮದ್ದಿನ ಮೇಲೆ ಎಲೆಯ ಮದ್ದಿನ ಖರ್ಚೂ ಸೇರಿದಾಗ ಹೊರೆ ಭಾರವೇ.

ಒಬ್ಬರ ತೋಟದ ಕೆಲಸವಲ್ಲ

ಮದ್ದಿಗಿಂತ ಮೊದಲು ಮಾಡಬೇಕಾದ ಕೆಲಸಗಳೂ ಇವೆ. ರೋಗ ವಿಪರೀತವಾಗಿರುವ ಕೆಳಗಿನ ಸೋಗೆಗಳನ್ನು ಮಳೆಗೆ ಮೊದಲು ತೆಗೆದು, ಬಿದ್ದ ಸೋಗೆಗಳ ಜೊತೆ ಸುಟ್ಟುಬಿಡಬೇಕು. ಒಣಗಿದ ಸೋಗೆಯಲ್ಲೂ ಶಿಲೀಂಧ್ರ ಬದುಕಿದ್ದು ಮುಂದಿನ ಮಳೆಗೆ ಕಾಯುತ್ತದೆ. ಸೋಗೆಯನ್ನು ಬುಡಕ್ಕೆ ಹೊದಿಸುವುದು ನಮ್ಮ ಹಳೆಯ ಒಳ್ಳೆಯ ರೂಢಿ. ಆದರೆ ರೋಗದ ಸೋಗೆಗೆ ಆ ರೂಢಿ ಸಲ್ಲದು. ಹಾಗೆಂದು ಒಂದೆರಡು ಚುಕ್ಕಿ ಕಂಡ ಹಸಿರು ಸೋಗೆಗಳನ್ನೆಲ್ಲ ಕಡಿಯಬಾರದು. ಶಿಲೀಂಧ್ರ ಮುಚ್ಚಬೇಕಾದ ಅಡುಗೆಮನೆಯನ್ನು ಕತ್ತಿಯೇ ಮುಚ್ಚಿದಂತಾಗುತ್ತದೆ.

ಮರಕ್ಕೆ ಶಕ್ತಿಯೂ ಬೇಕು. ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋದಂತೆ ಹಸಿರೆಲೆ ಮತ್ತು ಕಾಂಪೋಸ್ಟ್ ಎಂಬುದು ಅಡಿಕೆಗೆ ಹೇಳಿದ ಪೋಷಣೆಯ ಲೆಕ್ಕ. ಜೋರು ಮಳೆಗೆ ಪೋಷಕಾಂಶ ತೊಳೆದುಹೋಗಿ ಮಣ್ಣು ಹುಳಿಯಾಗುವ ಈ ಸೀಮೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದೂ ಅಗತ್ಯ. ನೀರು ನಿಲ್ಲದಂತೆ ಕಣಿ ಬಿಡಿಸುವುದು, ಗಾಳಿ ಬೆಳಕು ಆಡುವಂತೆ ನೋಡಿಕೊಳ್ಳುವುದು ಮದ್ದಿಗೆ ಸಮ.

ಎಲ್ಲಕ್ಕಿಂತ ಮುಖ್ಯವಾದದ್ದು ಒಗ್ಗಟ್ಟು. ಬೀಜಾಣುವಿಗೆ ಬೇಲಿ ಗೊತ್ತಿಲ್ಲ. ಒಬ್ಬರು ಮದ್ದು ಬಿಟ್ಟು, ಪಕ್ಕದವರು ಬಿಡದಿದ್ದರೆ ಮುಂದಿನ ಗಾಳಿಮಳೆಗೆ ಎಲ್ಲವೂ ಮೊದಲಿನಂತೆ. ಅಡಿಕೆಯ ಬೆಲೆ ಕುಸಿದಾಗ ಒಟ್ಟಾಗಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದ ನಾಡಿದು. ಒಂದು ಬೈಲಿನ ತೋಟಗಳಿಗೆಲ್ಲ ಒಂದೇ ವಾರದಲ್ಲಿ ಮದ್ದು ಬಿಡುವ ಏರ್ಪಾಡು ಇಂಥವರಿಗೆ ಅಸಾಧ್ಯವಾಗಬಾರದು. ಅದೇ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದರ ಹಿಂದೆಯೂ ಒಂದು ವಿವೇಕವಿತ್ತು: ಅಡಿಕೆಯ ನೆರಳಿನಲ್ಲಿ ಕೊಕ್ಕೋವೂ ಬೆಳೆಯಲಿ, ಕೃಷಿಕ ಒಂದೇ ಕಾಲಿನ ಮೇಲೆ ನಿಲ್ಲದಿರಲಿ. ಗದ್ದೆಗಳನ್ನೆಲ್ಲ ತೋಟ ಮಾಡಿ ಅಡಿಕೆಯೊಂದನ್ನೇ ನಂಬುತ್ತಿರುವ ಹೊತ್ತಿನಲ್ಲಿ ಆ ವಿವೇಕವನ್ನು ಮತ್ತೆ ನೆನೆಯಬೇಕಾಗಿದೆ. ಕೊಕ್ಕೋ, ಕರಿಮೆಣಸು, ಬಾಳೆ, ಜಾಯಿಕಾಯಿ ಇವೆಲ್ಲ ಅಡಿಕೆಯ ಜೊತೆಗೇ ಬದುಕಬಲ್ಲವು.

ಜೂನ್ ತಿಂಗಳಲ್ಲಿ ಶಾಲೆ ಕಾಲೇಜಿನ ಶುಲ್ಕ ಕಟ್ಟಲು ಚಾಲಿ ಮಾರುವ ಮನೆಗಳು ಈ ಮೂರು ತಾಲೂಕುಗಳಲ್ಲಿ ಸಾವಿರಾರು. ಆ ಮನೆಗಳ ಮಕ್ಕಳಿಗೆ ಸೋಗೆಯ ಚುಕ್ಕಿ ಪರರ ವಿಷಯವಲ್ಲ. ಅವರು ಮಾಡಬಹುದಾದ ಒಂದು ಕೆಲಸವಿದೆ. ತೋಟದ ಹತ್ತು ಮರಗಳಿಗೆ ನಂಬರು ಹಾಕಿ, ಜೂನ್‌ನಿಂದ ಡಿಸೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಪ್ರತಿ ಮರದಲ್ಲಿ ಎಷ್ಟು ಸೋಗೆ ಇದೆ, ಎಷ್ಟರಲ್ಲಿ ಚುಕ್ಕಿ ಕಾಣುತ್ತದೆ, ಎಷ್ಟು ಒಣಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಕೊಯ್ಲಿನಲ್ಲಿ ಆ ಮರಗಳ ಗೊನೆ ಎಣಿಸಬೇಕು. ಮದ್ದನ್ನು ಮುಟ್ಟುವ ಕೆಲಸ ಮಕ್ಕಳದಲ್ಲ, ಅದು ಹಿರಿಯರದು. ಎಣಿಸುವುದಕ್ಕೆ ಕಣ್ಣು, ಪೆನ್ಸಿಲು ಸಾಕು. ಎರಡು ವರ್ಷ ಹೀಗೆ ಬರೆದಿಟ್ಟರೆ ಯಾವ ಮೂಲೆಯಲ್ಲಿ ರೋಗ ಮೊದಲು ಬರುತ್ತದೆ, ಯಾವಾಗ ಮದ್ದು ಬಿಟ್ಟದ್ದು ಉಪಯೋಗವಾಯಿತು ಎಂಬುದು ಆ ತೋಟದ ಮಟ್ಟಿಗೆ ಸ್ಪಷ್ಟವಾಗುತ್ತದೆ. ವಿಟ್ಲದ ವಿಜ್ಞಾನಿಗಳ ಮುಂದೆ ಸೋಗೆಯ ತುಂಡಿನೊಡನೆ ಆ ನೋಟ್‌ಬುಕ್ಕನ್ನೂ ಇಟ್ಟರೆ ಅವರು ಕೊಡುವ ಸಲಹೆ ಇನ್ನಷ್ಟು ಖಚಿತವಾಗಿರುತ್ತದೆ.